ಎಂಬತ್ತಾರೋ ಎಂಬತ್ತೊಂಬತ್ತೋ

ಒಂದು ಹಾಳೆ ತಗೊಳ್ಳಿ. ಕನ್ನಡದ ೬ ಬರೆಯಿರಿ. ಪಕ್ಕದಲ್ಲೇ ೯ ಬರೆಯಿರಿ. ಈಗ ಅದನ್ನೇ ಅವಸರದಲ್ಲಿ, ಮೊಣಕಾಲ ಮೇಲೆ ನೋಟ್‌ಬುಕ್ ಇಟ್ಟುಕೊಂಡು, ಪಕ್ಕದಲ್ಲೊಬ್ಬ "ಬೇಗ ಬೇಗ" ಅನ್ನುತ್ತಿರುವಾಗ ಬರೆದು ನೋಡಿ. ಎರಡಕ್ಕೂ ಇರುವ ವ್ಯತ್ಯಾಸ ಬಾಲ ಯಾವ ಕಡೆ ತಿರುಗಿದೆ ಅನ್ನೋದರಲ್ಲಿ ಮಾತ್ರ. ಆ ಬಾಲ ನಾನು ಎಲ್ಲಿಗೆ ಹೋದರೂ ಹದಿನೈದು ವರ್ಷದಿಂದ ನನ್ನ ಹಿಂದೆಯೇ ಬಂದಿದೆ.

ನಾನು ಕೆ.ಆರ್.ಎಸ್.ನವನು. ಬೆಂಗಳೂರಿನಲ್ಲಿ ಹೀಗೆ ಹೇಳಿದರೆ "ಓಹ್, ಬೃಂದಾವನ ಗಾರ್ಡನ್!" ಅಂತಾರೆ. ಹೌದು, ಅಲ್ಲೇ. ಆದರೆ ಅಲ್ಲಿ ಬೆಳೆದವರಿಗೆ ಬಣ್ಣದ ಕಾರಂಜಿಗಿಂತ ಮುಖ್ಯವಾದದ್ದು ಒಂದು ಸಂಖ್ಯೆ: 124.80. ಕನ್ನಂಬಾಡಿ ಕಟ್ಟೆ ತುಂಬಿದರೆ ನೀರು ನಿಲ್ಲುವ ಅಡಿ ಅದು. ಮಳೆಗಾಲದಲ್ಲಿ ನಮ್ಮ ಕಡೆ ಟೀ ಅಂಗಡಿಗೆ ಹೋದರೆ ಕ್ರಿಕೆಟ್ ಸ್ಕೋರ್ ಕೇಳೋದಿಲ್ಲ, "ಎಷ್ಟಾಯ್ತು?" ಅಂತಾರೆ. "ನೂರಾ ಹದಿನೆಂಟಂತೆ." ಅಷ್ಟೇ ಮಾತು. ನಾಲೆಗೆ ನೀರು ಬರುತ್ತಾ, ಭತ್ತ ಹಾಕೋದಾ ಬೇಡವಾ, ಈ ವರ್ಷ ಕಾವೇರಿ ಗಲಾಟೆ ಇದೆಯಾ ಇಲ್ಲವಾ, ಎಲ್ಲ ಆ ಉತ್ತರದಲ್ಲೇ ಬಂತು. ಕಟ್ಟೆ ತುಂಬಿರುವಾಗ ಒಂದಡಿ ನೀರು ಅಂದರೆ ಒಂದು ಟಿಎಂಸಿಗೂ ಹೆಚ್ಚು. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಹಾಗಾಗಿ ಅಂಕಿ ಬರೆಯುವವನ ಕೈ ಒಂದಡಿ ಜಾರಿದರೆ ಕಾಗದದ ಮೇಲೆ ಒಂದು ದೊಡ್ಡ ಕೆರೆಯೇ ಹುಟ್ಟುತ್ತೆ, ಇಲ್ಲವೇ ಒಣಗುತ್ತೆ.

ನಮ್ಮಪ್ಪ ಅಂಥ ಅಂಕಿ ಬರೆಯುವ ಕೆಲಸದಲ್ಲಿದ್ದವರು. ಬೆಳಿಗ್ಗೆ ಎದ್ದು ಗೇಜು ನೋಡೋದು, ಬರೆಯೋದು. ಗಾಳಿ ಇದ್ದ ದಿನ ಅಲೆ ಮೇಲೆ ಕೆಳಗೆ ಆಗ್ತಿರುತ್ತೆ, ಆಗ ಸುಮ್ಮನೆ ನಿಂತು ಕಾದು ನಡುವಿನ ಗೆರೆ ಹಿಡೀಬೇಕು. ಆ ಅಭ್ಯಾಸ ಮನೆಗೂ ಬಂದಿತ್ತು. ಹಾಲಿನ ಲೆಕ್ಕ, ದಿನಸಿ ಲೆಕ್ಕ ಎಲ್ಲಾನೂ ಗೋಡೆ ಕ್ಯಾಲೆಂಡರಿನಲ್ಲಿ ಚಿಕ್ಕ ಚಿಕ್ಕ ಕನ್ನಡ ಅಂಕಿಗಳಲ್ಲಿ ಬರೀತಿದ್ದರು. ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಅದರಲ್ಲೊಂದು ಅಂಕಿಯನ್ನು ರಬ್ಬರಿನಿಂದ ಉಜ್ಜಿ ತಿದ್ದಿದ್ದೆ. ಆ ದಿನ ಬೈಯಲಿಲ್ಲ, ಪಕ್ಕ ಕೂರಿಸಿಕೊಂಡು ಹೇಳಿದರು: "ಅಳಿಸ್ಬ್ಯಾಡ ಕಣೋ. ಒಂದೇ ಗೆರೆ ಎಳಿ. ಹಳೇದು ಕಾಣ್ಬೇಕು. ಮೇಲೆ ಸರಿಯಾದ್ದು ಬರಿ. ಪಕ್ಕದಲ್ಲಿ ನಿನ್ ಸೈನು, ತಾರೀಕು. ತಪ್ಪು ಮಾಡಿದ್ದು ಯಾರು, ತಿದ್ದಿದ್ದು ಯಾರು ಅಂತ ಗೊತ್ತಾಗ್ಬೇಕು."

ಒಂದನೇ ಕ್ಲಾಸಿನವನಿಗೆ ಸೈನು ಎಲ್ಲಿಂದ ಬರಬೇಕು? ಹೆಸರಿನ ಮೊದಲ ಅಕ್ಷರ ಬರೆದೆ. ಅಪ್ಪ ತಲೆಯಾಡಿಸಿದರು.

ಶೂಟಿಂಗ್ ಹುಚ್ಚು ಹತ್ತಿದ್ದು ಮೇಲುಕೋಟೆಯಲ್ಲಿ. ವೈರಮುಡಿ ಜಾತ್ರೆಗೆ ಹೋದಾಗ ಬಲೂನ್ ಹೊಡೆಯುವ ಅಂಗಡಿ ಹಾಕಿರ್ತಾರಲ್ಲ, ಹಲಗೆಗೆ ಬಣ್ಣ ಬಣ್ಣದ ಬಲೂನ್, ಮುಂದೆ ತುಕ್ಕು ಹಿಡಿದ ಏರ್‌ಗನ್, ಅಲ್ಲಿ. ಅದರ ಗುರಿಕಣ್ಣು ಸದಾ ಒಂದು ಕಡೆ ಸೊಟ್ಟ. ಅಂಗಡಿಯವನಿಗೆ ಅದು ಗೊತ್ತು, ನಮಗೆ ಐದು ಗುಂಡು ಖರ್ಚಾದ ಮೇಲೆ ಗೊತ್ತಾಗುತ್ತೆ. ಆದರೆ ಒಂದು ಸುಖ ಅಂದರೆ ಬಲೂನು ಒಡೆದರೆ ಒಡೀತು, ಇಲ್ಲಾಂದ್ರೆ ಇಲ್ಲ. ಯಾರೂ ಏನೂ ಬರೆಯಬೇಕಾಗಿಲ್ಲ. ಕೊಡಗಿನಲ್ಲಿ ಕೈಲ್ ಮುಹೂರ್ತದ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತಲ್ಲ, ಅಲ್ಲೂ ಹಾಗೇ. ಕಾಯಿ ಸಿಡಿದದ್ದು ಇಡೀ ಊರಿಗೆ ಕಾಣುತ್ತೆ.

ಕಾಗದದ ಗುರಿ ಹಾಗಲ್ಲ. ಪಿಯುಸಿ ಮುಗಿಸಿ ಮೈಸೂರಿಗೆ ಓದೋಕೆ ಹೋದಾಗ ಒಂದು ಸಣ್ಣ ಶೂಟಿಂಗ್ ಕ್ಲಬ್ಬಿಗೆ ಸೇರಿದೆ. ಹತ್ತು ಮೀಟರ್ ಏರ್ ರೈಫಲ್. ಅದರ ಗುರಿಯ ನಟ್ಟನಡುವಿನ ಚುಕ್ಕಿ ಎಷ್ಟು ಅಗಲ ಗೊತ್ತಾ? ಅರ್ಧ ಮಿಲಿಮೀಟರ್. ಪೆನ್ನಿನಲ್ಲಿ ಪೂರ್ಣವಿರಾಮ ಇಟ್ಟ ಹಾಗೆ. ಗುಂಡಿನ ಅಗಲ ನಾಲ್ಕೂವರೆ ಮಿಲಿಮೀಟರ್. ತೂತು ಆ ಚುಕ್ಕಿಯನ್ನು ಮುಟ್ಟಿದರೆ ಹತ್ತು. ಎರಡೂವರೆ ಮಿಲಿಮೀಟರ್ ಆಚೆಗೆ ಹೋದರೆ ಒಂಬತ್ತು, ಇನ್ನೆರಡೂವರೆ ಹೋದರೆ ಎಂಟು. ತೂತು ಗೆರೆಯನ್ನು ಮುಟ್ಟಿದ್ದರೆ ಒಳಗಿನ ಅಂಕ, ಅಂದರೆ ಹೆಚ್ಚಿನದು. ಮುಟ್ಟಿದೆಯೋ ಇಲ್ಲವೋ ಅಂತ ಅನುಮಾನ ಬಂದರೆ ತೂತಿನೊಳಗೆ ಒಂದು ಅಳತೆಕಡ್ಡಿ ತೂರಿಸಿ, ಅದರ ಅಂಚನ್ನು ಭೂತಗನ್ನಡಿಯಲ್ಲಿ ನೋಡ್ತಾರೆ. ಅದನ್ನು ಒಂದು ತೂತಿಗೆ ಒಂದೇ ಸಲ ತೂರಿಸಬೇಕು ಅಂತ ನಿಯಮ. ಎರಡನೇ ಸಲಕ್ಕೆ ಕಾಗದ ಹರಿದು ಸಾಕ್ಷಿಯೇ ಹಾಳಾಗುತ್ತೆ. ಆ ಕಡ್ಡಿಯ ಹೆಸರೂ ಗೇಜೇ. ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಬಹಳ ಖುಷಿಪಟ್ಟಿದ್ದರು. "ಅಂತೂ ನೀನೂ ಗೇಜಿಗೇ ಬಂದೆ ಅನ್ನು."

ನಾನು ಹೊಡೆಯೋದರಲ್ಲಿ ಅಷ್ಟಕ್ಕಷ್ಟೆ. ಉಸಿರು ಹಿಡಿದರೆ ಕೈ ನಡುಗ್ತಿತ್ತು, ಬಿಟ್ಟರೆ ಹೆಗಲು ಅಲುಗ್ತಿತ್ತು. ಹಾಗಾಗಿ ಸ್ಪರ್ಧೆ ಇದ್ದಾಗಲೆಲ್ಲ ನನ್ನನ್ನು ಅಂಕ ಬರೆಯೋಕೆ ಕೂರಿಸ್ತಿದ್ದರು. ಒಬ್ಬ ಗುರಿಕಾರ್ಡ್ ನೋಡಿ ಅಂಕ ಕೂಗ್ತಾನೆ, ಇನ್ನೊಬ್ಬ ಬರ್ಕೋತಾನೆ, ಮೂರನೆಯವನು ಅದನ್ನು ಫಲಿತಾಂಶದ ಹಾಳೆಗೆ ಇಳಿಸ್ತಾನೆ. ನಾನು ಆ ನಡುವಿನವನು.

2009ರ ಡಿಸೆಂಬರ್. ನಮ್ಮ ಕಡೆಯದೇ ಒಂದು ಊರಿನಲ್ಲಿ ಸ್ಪರ್ಧೆ. ಊರು ಯಾವುದು, ನಡೆಸಿದವರು ಯಾರು ಅನ್ನೋದು ಬೇಡ, ಯಾಕಂದ್ರೆ ತಪ್ಪು ನನ್ನದು. ಅಲ್ಲಿಂದ ಆಯ್ದವರನ್ನು ಮುಂದಿನ ಹಂತದ ಕ್ಯಾಂಪಿಗೆ ಕಳಿಸ್ತಿದ್ದರು. ಹುಡುಗಿಯರ ಏರ್ ರೈಫಲ್‌ಗೆ ಆಗ 40 ಗುಂಡು, ಹತ್ತತ್ತರ ನಾಲ್ಕು ಸರಣಿ, ಒಟ್ಟು 400ಕ್ಕೆ.

ನಾಗಮಂಗಲದ ಕಡೆಯಿಂದ ಒಬ್ಬ ಹುಡುಗಿ ಬಂದಿದ್ದಳು. ನನಗಿಂತ ಒಂದೆರಡು ವರ್ಷ ಚಿಕ್ಕವಳು. ರೈಫಲ್ ಅವಳದಲ್ಲ, ಎರವಲು. ಉಳಿದವರು ದಪ್ಪ ಕ್ಯಾನ್ವಾಸಿನ ಶೂಟಿಂಗ್ ಜಾಕೆಟ್ ತೊಟ್ಟು ರೋಬೋ ಥರ ನಡೀತಿದ್ದರೆ, ಇವಳು ಯಾರದೋ ದೊಡ್ಡ ಜಾಕೆಟ್ಟಿನ ತೋಳು ಮಡಚಿಕೊಂಡಿದ್ದಳು. ಮೊದಲ ಮೂರು ಸರಣಿ 91, 88, 90. ನಾಲ್ಕನೆಯದರ ಕಾರ್ಡುಗಳು ಬಂದಾಗ ಮಧ್ಯಾಹ್ನ ದಾಟಿತ್ತು, ಊಟದ ವಾಸನೆ ಬರ್ತಿತ್ತು, ನಾಲ್ಕು ಜನರ ಕಾರ್ಡು ಬಾಕಿ ಇತ್ತು.

ಆಗ ನನಗೆ ಹತ್ತೊಂಬತ್ತು. ಮೈಸೂರಿನ ಕಾಲೇಜಿನಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿ ಬರೀತಾರೆ, ನಾನು ಮಾತ್ರ ಕನ್ನಡ ಅಂಕಿಯಲ್ಲೇ ಬರೀತೀನಿ ಅನ್ನೋ ಹುರುಪು. ಅಪ್ಪನ ಕ್ಯಾಲೆಂಡರಿನ ಗತ್ತು. ಅಪ್ಪ ಒಂದೊಂದು ಅಂಕಿಯನ್ನೂ ರಂಗೋಲಿಯ ಥರ ನಿಧಾನವಾಗಿ ಬರೀತಿದ್ದರು ಅನ್ನೋದನ್ನ ಮಾತ್ರ ಮರೆತಿದ್ದೆ. ಕೂಗುವವನು ಕೂಗಿದ: ಒಂಬತ್ತು, ಎಂಟು, ಒಂಬತ್ತು, ಹತ್ತು, ಒಂಬತ್ತು, ಒಂಬತ್ತು, ಎಂಟು, ಒಂಬತ್ತು, ಒಂಬತ್ತು, ಒಂಬತ್ತು. ಬರೆದೆ. ಕೂಡಿದೆ. ಕೆಳಗೆ ೮೯ ಅಂತ ಎಳೆದು ಪುಟ ಹರಿದು ಕೊಟ್ಟೆ, ಕಾರ್ಬನ್ ಪ್ರತಿ ನನ್ನ ಪುಸ್ತಕದಲ್ಲೇ ಉಳೀತು. ಫಲಿತಾಂಶದ ಹಾಳೆ ಬರೀತಿದ್ದ ಹುಡುಗನಿಗೆ ಕನ್ನಡ ಅಂಕಿ ಓದೋಕೆ ಬರ್ತಿತ್ತು. ಅವನೇನೂ ತಪ್ಪು ಓದಲಿಲ್ಲ. ಕಾಗದದ ಮೇಲೆ ಏನು ಕಾಣ್ತಿತ್ತೋ ಅದನ್ನೇ ಓದಿದ. 86.

ಒಟ್ಟು 355 ಅಂತ ಗೋಡೆಗೆ ಅಂಟಿಸಿದರು. ಕ್ಯಾಂಪಿಗೆ ಆಯ್ಕೆಯಾದ ಕೊನೆಯ ಹುಡುಗಿಯದು 357.

ಫಲಿತಾಂಶ ಅಂಟಿಸಿದ ಮೇಲೆ ತಕರಾರು ಇದ್ದರೆ ಹೇಳೋಕೆ ಹತ್ತು ನಿಮಿಷ. ಇದು ಯಾವುದೋ ಹಳ್ಳಿ ಕಾನೂನಲ್ಲ, ಅಂತರರಾಷ್ಟ್ರೀಯ ನಿಯಮದಲ್ಲೂ ಅಷ್ಟೇ. ಅವಳು ಗೋಡೆ ಹತ್ತಿರ ಬಂದಳು. ಹಾಳೆ ನೋಡಿದಳು. ಬೆರಳಿಟ್ಟು ಸಾಲು ಓದಿದಳು. ತಿರುಗಿ ನಮ್ಮ ಟೇಬಲ್ ಕಡೆ ಒಂದು ಸಲ ನೋಡಿದಳು. ನಾನು ಆಗ ಪುಳಿಯೋಗರೆ ಪ್ಲೇಟು ಹಿಡಿದಿದ್ದೆ. ಏನೋ ಕೇಳ್ತಾಳೆ ಅನ್ನಿಸಿತು. ಕೇಳಲಿಲ್ಲ. ಜಾಕೆಟ್ ಬಿಚ್ಚಿ ಮಡಚಿ ಯಾರಿಗೋ ವಾಪಸ್ ಕೊಟ್ಟು ಹೊರಟುಹೋದಳು.

ನನಗೆ ಗೊತ್ತಾಗಿದ್ದು ಸಂಜೆ ಬಸ್ಸಿನಲ್ಲಿ. ವಾರದ ಕೊನೆ ಅಂತ ಮನೆಗೆ ಹೊರಟಿದ್ದೆ. ಮೇಟಗಳ್ಳಿ ದಾಟಿ ಬೆಳಗೊಳ ಬರುವ ಹೊತ್ತಿಗೆ, ಸುಮ್ಮನೆ ಪುಸ್ತಕ ತೆಗೆದು ತಿರುವಿ ಹಾಕ್ತಿದ್ದೆ. ನಾಲ್ಕನೇ ಸರಣಿಯ ಮೊತ್ತ ನೋಡಿದೆ. ನಾನೇ ಬರೆದದ್ದು, ನನಗೇ 86 ಅಂತ ಕಾಣ್ತು. ಹತ್ತು ಅಂಕಿ ಕೂಡಿದೆ. 89. ಇನ್ನೊಂದು ಸಲ ಕೂಡಿದೆ. 89. ಸಾಲಿನೊಳಗಿನ ಒಂಬತ್ತುಗಳೆಲ್ಲ ಚೆನ್ನಾಗೇ ಇದ್ದವು. ಕೊನೆಯ ಮೊತ್ತದ್ದು ಮಾತ್ರ ಬಾಲ ತಿರುಗಿಸಿಕೊಂಡು ಕೂತಿತ್ತು. 355 ಅಲ್ಲ, 358.

ಬಸ್ಸಿನ ಕಿಟಕಿಯಿಂದ ಕಟ್ಟೆಯ ಮೇಲಿನ ದೀಪಗಳು ಕಾಣೋಕೆ ಶುರುವಾಗಿದ್ದವು. ಆ ಕ್ಷಣ ನನ್ನ ತಲೆಯಲ್ಲಿ ಬಂದದ್ದು ಆ ಹುಡುಗಿಯ ಮುಖ ಅಲ್ಲ ಅಂತ ಹೇಳೋಕೆ ನಾಚಿಕೆ ಆಗುತ್ತೆ. ಬಂದದ್ದು ಇವು: ಹತ್ತು ನಿಮಿಷ ಮುಗಿದಿದೆ. ಹೇಳಿದರೆ ಆಯ್ಕೆಯಾದ ಇನ್ನೊಬ್ಬ ಹುಡುಗಿಯನ್ನು ಕೈಬಿಡಬೇಕಾಗುತ್ತೆ. ಇನ್ಮೇಲೆ ನನ್ನನ್ನು ಬರೆಯೋಕೆ ಕೂರಿಸೋದಿಲ್ಲ. ಅವಳೇ ಕೇಳಲಿಲ್ಲವಲ್ಲ. ಹೀಗೆ ಒಂದಾದ ಮೇಲೊಂದು ಕಾರಣ, ಬಸ್ ಸ್ಟ್ಯಾಂಡ್ ಬರೋಷ್ಟರಲ್ಲಿ ಇಡೀ ಮಾಲೆ ಕಟ್ಟಿ ಮುಗಿಸಿದ್ದೆ. ಮನೆಗೆ ಹೋಗಿ ಉಂಡು ಮಲಗಿದೆ. ಆಮೇಲೆ ಹದಿನೈದು ವರ್ಷ.

ಈ ಹದಿನೈದು ವರ್ಷದಲ್ಲಿ ನಾನು ಶೂಟಿಂಗ್ ಬಿಟ್ಟೆ, ಆದರೆ ಶೂಟಿಂಗಿನ ಫಲಿತಾಂಶ ಓದೋದು ಬಿಡಲಿಲ್ಲ. ಕಳ್ಳನಿಗೆ ಪೊಲೀಸ್ ಸುದ್ದಿ ಮೇಲೆ ಆಸಕ್ತಿ ಇರುತ್ತಲ್ಲ, ಹಾಗೆ. ಅಂಕ ಬರೆಯೋದರಲ್ಲಿ ತಪ್ಪಾದ ಕಥೆ ಎಲ್ಲಿ ಸಿಕ್ಕರೂ ಓದ್ತಿದ್ದೆ. ಅದರಲ್ಲಿ ಒಂದು 1976ರ ಮಾಂಟ್ರಿಯಲ್ ಒಲಿಂಪಿಕ್ಸಿನದು. ಐವತ್ತು ಮೀಟರ್ ರೈಫಲ್, ಮೂರು ಭಂಗಿ. ಆಗ ಗಂಡಸರು ಹೆಂಗಸರು ಒಟ್ಟಿಗೇ ಸ್ಪರ್ಧಿಸ್ತಿದ್ದ ಆಟ. ಅಮೆರಿಕದ ಮಾರ್ಗರೆಟ್ ಮರ್ಡಾಕ್ ಮತ್ತು ಅದೇ ದೇಶದ ಲ್ಯಾನಿ ಬ್ಯಾಶಮ್. ಮೊದಲು ಮರ್ಡಾಕ್ ಒಂದು ಅಂಕದಿಂದ ಮುಂದಿದ್ದಾರೆ ಅಂತ ಬಂತು. ಆಮೇಲೆ ಬ್ಯಾಶಮ್ ಅಂಕದಲ್ಲಿ ತಪ್ಪಾಗಿರೋದು ಸಿಕ್ಕಿತು. ಸರಿಪಡಿಸಿದಾಗ ಇಬ್ಬರೂ 1162, ಸಮ. ಕೊನೆಯ ಹೊಡೆತಗಳ ಲೆಕ್ಕ ನೋಡಿ ಚಿನ್ನ ಬ್ಯಾಶಮ್‌ಗೆ ಕೊಟ್ಟರು. ಇಬ್ಬರಿಗೂ ಚಿನ್ನ ಕೊಡಿ ಅಂತ ಬ್ಯಾಶಮ್ ಕೇಳಿಕೊಂಡರು, ಆಗೋದಿಲ್ಲ ಅಂದರು. ಪದಕ ಕೊಟ್ಟು ರಾಷ್ಟ್ರಗೀತೆ ನುಡಿಸುವ ಹೊತ್ತಿಗೆ ಅವರು ಮರ್ಡಾಕ್ ಅವರನ್ನು ತಮ್ಮ ಜೊತೆ ಮೇಲಿನ ಮೆಟ್ಟಿಲಿಗೆ ಹತ್ತಿಸಿಕೊಂಡರು. ಒಲಿಂಪಿಕ್ಸ್ ಶೂಟಿಂಗಿನಲ್ಲಿ ಪದಕ ಗೆದ್ದ ಮೊದಲ ಹೆಣ್ಣು ಅವರು. ಗೆದ್ದವನಿಗೂ ಆ ಒಂದು ಅಂಕ ಚುಚ್ಚಿತ್ತು ಅನ್ನೋದು ನನ್ನನ್ನು ಚುಚ್ಚಿತು. ನಾನು ಗೆದ್ದವನೂ ಅಲ್ಲ, ಸೋತವನೂ ಅಲ್ಲ, ಬರೀ ಬರೆದವನು.

ನಮ್ಮ ಅಭಿನವ್ ಬಿಂದ್ರಾ ಕಥೆ ಎಲ್ಲರಿಗೂ ಗೊತ್ತು. 2008ರ ಆಗಸ್ಟ್ 11, ಬೀಜಿಂಗ್, ಕೊನೆಯ ಗುಂಡಿಗೆ 10.8, ಒಟ್ಟು 700.5. ಎರಡನೆಯವನಾದ ಚೀನಾದ ಝೂ ಚಿನಾನ್ 699.7. ಒಂದು ಸಲ ಕಳೆದು ನೋಡಿ. ವ್ಯತ್ಯಾಸ ಸರಿಯಾಗಿ 0.8. ಅಂದರೆ ಆ 10.8ರ ಕೊನೆಯ ಎಂಟನ್ನು ಯಾರಾದರೂ ಸೊನ್ನೆ ಅಂತ ಬರೆದುಕೊಂಡಿದ್ದರೆ ಬಿಂದ್ರಾ ಕೂಡ 699.7. ನಾವೆಲ್ಲ ಕುಣಿದಾಡಿದ ಆ ಚಿನ್ನ ಇನ್ನೊಂದು ಗುಂಡಿನ ಮೇಲೆ ನೇತಾಡ್ತಿತ್ತು. ಅಲ್ಲಿ ಬರೆಯೋಕೆ ಮನುಷ್ಯ ಇರಲಿಲ್ಲ, ಎಲೆಕ್ಟ್ರಾನಿಕ್ ಗುರಿ ಇತ್ತು, ಆ ಮಾತು ಬೇರೆ.

"ಯಂತ್ರ ಬಂದ ಮೇಲೆ ಈ ಗೋಳಿಲ್ಲ ಬಿಡಿ" ಅಂತೀರಾ? ಗೋಳು ಕಡಿಮೆಯಾಗಿದೆ, ನಿಜ. ಆದರೆ ಯಂತ್ರ ತೋರಿಸಿದ ಅಂಕವನ್ನು ಪ್ರಶ್ನಿಸೋಕೂ ನಿಯಮ ಇಟ್ಟಿದ್ದಾರೆ, ಯಾಕಂದ್ರೆ ಅದೂ ತಪ್ಪಬಹುದು. 2004ರ ಅಥೆನ್ಸ್‌ನಲ್ಲಿ ಅಮೆರಿಕದ ಮ್ಯಾಥ್ಯೂ ಎಮ್ಮನ್ಸ್ ಕೊನೆಯ ಗುಂಡಿಗೆ ಮೂರು ಅಂಕ ಮುಂದಿದ್ದ. ಹೊಡೆದ. ಪರದೆಯ ಮೇಲೆ ಏನೂ ಬರಲಿಲ್ಲ. ನಾನು ಹೊಡೆದೆ, ಅಂಕ ಎಲ್ಲಿ ಅಂತ ತಕ್ಷಣ ಕೇಳಿದ. ಅಧಿಕಾರಿಗಳು ಓಡಿ ಬಂದರು, ನೋಡಿದರು. ಗುಂಡು ಪಕ್ಕದವನ ಗುರಿಗೆ ಬಿದ್ದಿತ್ತು. ಯಂತ್ರ ಸರಿಯಾಗೇ ಇತ್ತು. ಸೊನ್ನೆ ಕೊಟ್ಟರು, ಎಂಟನೇ ಸ್ಥಾನ, ಚಿನ್ನ ಚೀನಾದ ಜಿಯಾ ಝಾನ್‌ಬೋಗೆ. ಎಲ್ಲರೂ ಈ ಕಥೆಯನ್ನು ದುರಾದೃಷ್ಟದ ಕಥೆಯಾಗಿ ಹೇಳ್ತಾರೆ. ನಾನು ಓದೋದು ಬೇರೆ ಥರ: ಅವನು ಕೇಳಿದ. ನಿಂತಲ್ಲೇ ಕೇಳಿದ. ಮೂರು ಜನ ಬಂದು ಉತ್ತರ ಹೇಳಿದರು. ಉತ್ತರ ಕಹಿಯಾಗಿತ್ತು, ಆದರೆ ಸಿಕ್ಕಿತು.

ಎಲೆಕ್ಟ್ರಾನಿಕ್ ಗುರಿಯ ಅಂಕದ ಬಗ್ಗೆ ತಕರಾರು ಇದ್ದರೆ ಅದನ್ನು ಮುಂದಿನ ಗುಂಡು ಹಾರಿಸುವ ಮುಂಚೆಯೇ ಹೇಳಬೇಕು. ಮುಂದಿನದನ್ನು ಹಾರಿಸಿಬಿಟ್ಟರೆ ಹಿಂದಿನದನ್ನು ಒಪ್ಪಿಕೊಂಡ ಹಾಗೆ. ನಾನು ಆ ಬಸ್ಸಿನಿಂದ ಇಳಿದ ಮೇಲೆ ಎಷ್ಟು ಗುಂಡು ಹಾರಿಸಿದ್ದೀನಿ! ಡಿಗ್ರಿ, ಕೆಲಸ, ಇನ್ನೊಂದು ಕೆಲಸ, ಮದುವೆ, ಇಎಂಐ.

ಹೋದ ವರ್ಷ ಆಫೀಸಿನಲ್ಲಿ ಒಂದು ಘಟನೆ ಆಯಿತು. ದೊಡ್ಡದೇನಲ್ಲ. ನಮ್ಮ ಟೀಮಿಗೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಒಂದು ರಿಪೋರ್ಟಿನಲ್ಲಿ ಎರಡು ಕಾಲಂ ಅದಲುಬದಲು ಮಾಡಿದ್ದಳು. ಯಾರೂ ಗಮನಿಸಿರಲಿಲ್ಲ. ಕ್ಲೈಂಟ್ ಕೂಡ ಖುಷಿಯಾಗಿ ಥ್ಯಾಂಕ್ಸ್ ಹೇಳಿದ್ದರು. ಮರುದಿನ ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗಿನಲ್ಲಿ ಅವಳೇ ಮೊದಲು ಬಾಯಿಬಿಟ್ಟಳು: "ನಿನ್ನೆ ಹೋದ ರಿಪೋರ್ಟು ತಪ್ಪು, ನಾನೇ ಮಾಡಿದ್ದು, ತಿದ್ದಿ ಕಳಿಸ್ತೀನಿ." ಅಷ್ಟೇ. ಎರಡು ನಿಮಿಷ ಯಾರೂ ಮಾತಾಡಲಿಲ್ಲ, ಆಮೇಲೆ ಮೀಟಿಂಗ್ ಮುಂದುವರೀತು. ಆಕಾಶ ಕಳಚಿ ಬೀಳಲಿಲ್ಲ. ನಾನು ಕ್ಯಾಮೆರಾ ಆಫ್ ಮಾಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅವಳಿಗೆ ಇಪ್ಪತ್ತೆರಡು.

ಆ ಶನಿವಾರ ಊರಿಗೆ ಹೋದೆ. ಅಪ್ಪ ಈಗ ರಿಟೈರ್ ಆಗಿದ್ದಾರೆ, ಆದರೆ ಬೆಳಿಗ್ಗೆ ಪೇಪರ್ ಬಂದ ತಕ್ಷಣ ಮೊದಲು ನೋಡೋದು ಜಲಾಶಯದ ಮಟ್ಟ. ಜಗಲಿಯ ಮೇಲೆ ಕೂತು ಕಾಫಿ ಕುಡೀತಾ ಎಲ್ಲ ಹೇಳಿದೆ. ೬, ೯, ಬಸ್ಸು, ಎಲ್ಲ. ಅವರು ಪೇಪರ್ ಮಡಚಿಟ್ಟು ಕೇಳಿಸಿಕೊಂಡರು. ಮುಗಿದ ಮೇಲೆ ಒಂದೇ ಪ್ರಶ್ನೆ:

"ಆ ಹುಡುಗೀಗೆ ಹೇಳ್ದಾ?"

"ಇಲ್ಲ."

"ಮತ್ತೆ ನಂಗ್ಯಾಕೆ ಹೇಳ್ತಿದೀಯ?"

ಎದ್ದು ಒಳಗೆ ಹೋದರು. ಕೋಪ ಅಂತ ಅಂದುಕೊಂಡೆ. ಹಳೇ ಟ್ರಂಕಿನಿಂದ ನನ್ನ ಕಾಲೇಜಿನ ಪುಸ್ತಕಗಳ ಕಟ್ಟು ತಂದು ಮುಂದೆ ಇಟ್ಟರು. ಅದರಲ್ಲಿ ಆ ನೋಟ್‌ಬುಕ್ಕೂ ಇತ್ತು. ನಮ್ಮಪ್ಪ ಬರೆದ ಕಾಗದ ಎಸೆಯುವವರಲ್ಲ.

ಹಳೇ ಕ್ಲಬ್ಬಿನವರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರಿಂದ ಒಬ್ಬರಿಗೆ ಕೇಳಿ, ವಾರದ ಮೇಲೆ ಅವಳ ನಂಬರ್ ಸಿಕ್ಕಿತು. ನಾನು ಇಂಥವನು, ಒಂದು ವಿಷಯ ಹೇಳಬೇಕಿತ್ತು, ನಿಮಗೆ ಒಪ್ಪಿಗೆ ಇದ್ದರೆ ಮಾತ್ರ ಫೋನ್ ಮಾಡ್ತೀನಿ ಅಂತ ಮೊದಲು ಮೆಸೇಜ್ ಹಾಕಿದೆ. ಸಂಜೆ ಅವಳೇ ಮಾಡಿದಳು. ಈಗ ಕೆ.ಆರ್.ಪೇಟೆ ಕಡೆ ಇದ್ದಾಳೆ, ಇಬ್ಬರು ಮಕ್ಕಳು. ನಾನು ತೊದಲುತ್ತಾ ಶುರುಮಾಡಿದೆ. ಅರ್ಧದಲ್ಲೇ ತಡೆದಳು.

"ಎಂಬತ್ತಾರಲ್ಲ ಅಂತ ನಂಗವತ್ತೇ ಗೊತ್ತಿತ್ತು ಬಿಡಿ. ಎಂಟು, ಒಂಬತ್ತು, ಹತ್ತು ಬಿಟ್ಟು ಬೇರೆ ಏನೂ ಬಿದ್ದಿರ್ಲಿಲ್ಲ. ಎಂಟಿದ್ದಿದ್ದೇ ಎರಡು."

ನನ್ನ ಗಂಟಲು ಒಣಗಿತು. "ಮತ್ತೆ ಯಾಕೆ ಕೇಳ್ಲಿಲ್ಲ?"

"ಕೇಳೋಕೆ ದುಡ್ಡು ಕಟ್ಬೇಕಿತ್ತಲ್ಲ."

ನನಗೆ ಆ ಮಾತು ಅರ್ಥವಾಗೋಕೆ ಸ್ವಲ್ಪ ಹೊತ್ತು ಹಿಡೀತು. ಹೌದು. ತಕರಾರು ಹಾಕೋಕೆ ಶುಲ್ಕ ಕಟ್ಟಬೇಕು. ದೊಡ್ಡ ಸ್ಪರ್ಧೆಗಳಲ್ಲೂ ಹಾಗೇ. ತಕರಾರು ಸರಿ ಅಂತ ಆದರೆ ವಾಪಸ್ ಕೊಡ್ತಾರೆ, ಇಲ್ಲಾಂದ್ರೆ ಹೋಯ್ತು. ಸುಮ್ಮಸುಮ್ಮನೆ ಯಾರೂ ಕಿರಿಕಿರಿ ಮಾಡದಿರಲಿ ಅಂತ ಮಾಡಿದ ನಿಯಮ, ಓದಿದರೆ ನ್ಯಾಯವಾಗೇ ಕಾಣುತ್ತೆ. ನಾನೂ ಎಷ್ಟೋ ಸಲ ಓದಿದ್ದೆ. ಆ ದಿನ ಅವಳ ಹತ್ತಿರ ಇದ್ದದ್ದು ಊರಿಗೆ ವಾಪಸ್ ಹೋಗೋ ಬಸ್ ಚಾರ್ಜು. ಗೆದ್ದರೆ ದುಡ್ಡು ವಾಪಸ್ ಬರುತ್ತೆ, ಸರಿ. ಸೋತರೆ ಮನೆಗೆ ಹೋಗೋದು ಹೇಗೆ? ನಮ್ಮ ಟೇಬಲ್ ಕಡೆ ಅವಳು ನೋಡಿದ್ದು ಅದಕ್ಕೇ ಇರಬೇಕು. ನಾವಾಗಿ ನಾವೇ ಯಾರಾದರೂ ಇನ್ನೊಂದು ಸಲ ಕೂಡಿ ನೋಡ್ತೀವೇನೋ ಅಂತ. ಶುಲ್ಕ ಇಲ್ಲದೆ ತಿದ್ದಬಹುದಾಗಿದ್ದವನು ಆ ಕೋಣೆಯಲ್ಲಿ ನಾನೊಬ್ಬನೇ. ಒಂದು ಸಲ ಕೂಡಿ ನೋಡೋಕೆ ನನಗೆ ಏನೂ ಖರ್ಚಿರಲಿಲ್ಲ.

"ಸಾರಿ" ಅಂದೆ. ಆ ಪದ ಎಷ್ಟು ಚಿಕ್ಕದು ಅಂತ ಅನ್ನಿಸಿತು.

"ಆಯ್ತು ಬಿಡಿ, ಅದಕ್ಕೇನು" ಅಂದಳು. ಆಮೇಲೆ ತಾನಾಗೇ ಹೇಳಿದಳು, ಕ್ಯಾಂಪಿಗೆ ಹೋಗಿದ್ದರೂ ಏನಾಗ್ತಿತ್ತೋ ಯಾರಿಗೆ ಗೊತ್ತು, ಬಹುಶಃ ಅಲ್ಲೇ ನಿಲ್ತಿತ್ತು ಅಂತ. ಆದರೆ ಒಂದು ಮಾತು ಮಾತ್ರ ನಿಧಾನವಾಗಿ ಹೇಳಿದಳು. "ನಮ್ಮಪ್ಪ ನಂಬಿರ್ಲಿಲ್ಲ. ಲೆಕ್ಕ ತಪ್ಪು ಬರ್ದವ್ರೆ ಅಂದ್ರೆ, ಸೋತೋರೆಲ್ಲ ಹಂಗೇ ಅನ್ನೋದು ಅಂದ್ರು. ಆಮೇಲೆ ಎಲ್ಲೂ ಕಳಿಸ್ಲಿಲ್ಲ."

ಈಗ ಏನು ಮಾಡ್ತಿದ್ದೀರಿ ಅಂತ ಕೇಳಿದೆ. ನಕ್ಕಳು. ಊರಿನ ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಬರ್ಕೋತಾಳಂತೆ. ಎಷ್ಟು ಲೀಟರ್, ಫ್ಯಾಟ್ ಎಷ್ಟು. "ಪಾಯಿಂಟ್ ಒಂದು ಕಮ್ಮಿ ಬರೆದ್ರೂ ನಮ್ಮೂರ ಹೆಂಗಸ್ರು ಬಿಡಲ್ಲ. ಇನ್ನೊಂದ್ಸಲ ಹಾಕು ಅಂತಾರೆ. ಹಾಕ್ತೀನಿ. ಅದಕ್ಕೆ ನಾವು ದುಡ್ಡು ಇಸ್ಕೊಳಲ್ಲಪ್ಪ." ನಾನು ಏನೂ ಹೇಳಲಿಲ್ಲ. ಅವಳು ಚುಚ್ಚೋಕೆ ಹೇಳಿದ್ದಲ್ಲ, ಸುಮ್ಮನೆ ತನ್ನ ಕೆಲಸದ ಬಗ್ಗೆ ಹೇಳಿದಳು.

ಫೋನ್ ಇಡುವ ಮುಂಚೆ ಕೇಳಿದಳು: "ಆ ಪೇಜು ಇದ್ಯಾ? ಒಂದು ಫೋಟೋ ಕಳಿಸ್ತೀರಾ? ನಮ್ಮಪ್ಪನಿಗೆ ತೋರಿಸ್ತೀನಿ."

ಜಗಲಿಯಲ್ಲಿ ಬೆಳಕು ನೋಡಿಕೊಂಡು ಫೋಟೋ ತೆಗೆದು ಕಳಿಸಿದೆ. ಎರಡು ನೀಲಿ ಗೆರೆ ಬಂತು. ಸ್ವಲ್ಪ ಹೊತ್ತಿನ ಮೇಲೆ ಉತ್ತರ: "ಕೂಡಿ ನೋಡಿದೆ, ಸರಿಯಾಗಿದೆ. ಆದ್ರೆ ಕೆಳಗಿರೋದು ಎಂಬತ್ತಾರೋ ಎಂಬತ್ತೊಂಬತ್ತೋ? ನಮ್ಮಪ್ಪನಿಗೆ ಕಣ್ಣು ಬೇರೆ ಸರಿಯಾಗಿ ಕಾಣಲ್ಲ."

ಅಪ್ಪನ ಪೆನ್ನು ಇಸ್ಕೊಂಡೆ. ಆ ಮೊತ್ತದ ಮೇಲೆ ಒಂದೇ ಗೆರೆ ಎಳೆದೆ, ಹಳೇದು ಕಾಣುವ ಹಾಗೆ. ಮೇಲೆ ನಿಧಾನವಾಗಿ, ಒಂದನೇ ಕ್ಲಾಸಿನವನ ಥರ, ೮೯ ಅಂತ ಬರೆದೆ. ಸಾಲದು ಅನ್ನಿಸಿ ಪಕ್ಕದಲ್ಲಿ 89 ಅಂತಲೂ ಬರೆದೆ. ಒಟ್ಟು 358. ಪಕ್ಕದಲ್ಲಿ ನನ್ನ ಸೈನು, ಆ ದಿನದ ತಾರೀಕು. ಇನ್ನೊಂದು ಫೋಟೋ ತೆಗೆದು ಕಳಿಸಿದೆ.

ಅಪ್ಪ ಕನ್ನಡಕ ಏರಿಸಿಕೊಂಡು ಪುಟ ನೋಡಿದರು. ತಲೆಯಾಡಿಸಿ ಮತ್ತೆ ಪೇಪರ್ ಬಿಡಿಸಿಕೊಂಡರು.